ಮೆಣಸು, ಹತ್ತಿ, ಮೀನು: ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ ಒಂದು ಪಾಠ

ಭಟ್ಕಳದಿಂದ ಹೊರಟು ಮುರ್ಡೇಶ್ವರ, ಹೊನ್ನಾವರಗಳನ್ನು ಹಾದು ಕುಮಟೆಯನ್ನು ಸೇರುವ ದಾರಿಯ ಉದ್ದ ಸುಮಾರು ಅರುವತ್ತು ಕಿಲೋಮೀಟರು. ಒಂದು ಪಕ್ಕದಲ್ಲಿ ಸಹ್ಯಾದ್ರಿ, ಇನ್ನೊಂದು ಪಕ್ಕದಲ್ಲಿ ಅರಬ್ಬೀ ಸಮುದ್ರ; ನಡುವೆ ತೆಂಗು, ಅಡಕೆ, ಬತ್ತದ ಗದ್ದೆ, ಹೊಳೆಯ ಅಳಿವೆ. ಮೇಲುನೋಟಕ್ಕೆ ಇದು ಜಗತ್ತಿನ ದೊಡ್ಡ ವ್ಯವಹಾರಗಳಿಂದ ದೂರವಾಗಿ ತನ್ನ ಪಾಡಿಗೆ ತಾನಿರುವ ಪ್ರದೇಶ. ಆದರೆ ಕಳೆದ ಐದು ಶತಮಾನಗಳಲ್ಲಿ ಲಿಸ್ಬನ್, ಮ್ಯಾಂಚೆಸ್ಟರ್, ದುಬೈ, ಜಿನೀವಾ ಮೊದಲಾದ ದೂರದ ನಗರಗಳಲ್ಲಿ ಆದ ತೀರ್ಮಾನಗಳು ಇಲ್ಲಿಯ ರೈತನ ಕಣಜವನ್ನೂ ಬೆಸ್ತನ ಬಲೆಯನ್ನೂ ಮತ್ತೆ ಮತ್ತೆ ಮುಟ್ಟಿವೆ. ಹಾಗೆಯೇ ಇಲ್ಲಿ ಬೆಳೆದ ವಸ್ತುಗಳಿಗಾಗಿ ಆ ನಗರಗಳು ಹಡಗುಗಳನ್ನು ಕಟ್ಟಿವೆ, ಯುದ್ಧಗಳನ್ನು ಹೂಡಿವೆ. ಈ ಪರಸ್ಪರ ಸಂಬಂಧವನ್ನು ಕ್ರಮವಾಗಿ ಅಭ್ಯಾಸ ಮಾಡುವ ಶಾಸ್ತ್ರವೊಂದಿದೆ. ಅದಕ್ಕೆ ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರವೆಂದು ಹೆಸರು. ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ಈ ವಿಷಯದ ಸ್ವರೂಪವನ್ನು ನಮ್ಮ ಕರಾವಳಿಯ ಉದಾಹರಣೆಗಳಿಂದಲೇ ತಿಳಿಯಲು ಪ್ರಯತ್ನಿಸೋಣ.

ಶಾಸ್ತ್ರದ ಪ್ರಶ್ನೆ

ಒಂದು ಕಿಲೋ ಮೆಣಸಿನ ಬೆಲೆ ಹೇಗೆ ನಿಶ್ಚಯವಾಗುತ್ತದೆ? ಬೇಡಿಕೆ ಹಾಗೂ ಪೂರೈಕೆಗಳಿಂದ ಎಂದು ಅರ್ಥಶಾಸ್ತ್ರದ ಮೊದಲ ಪಾಠ ಹೇಳುತ್ತದೆ. ಈ ಉತ್ತರ ಸರಿಯಾದುದೇ. ಆದರೆ ಅದು ಪೂರ್ಣವಲ್ಲ. ಮೆಣಸನ್ನು ಕೊಳ್ಳಲು ಬರುವ ಹಡಗಿಗೆ ಬಂದರನ್ನು ಪ್ರವೇಶಿಸುವ ಅಪ್ಪಣೆಯನ್ನು ಯಾರು ಕೊಟ್ಟರು? ಸುಂಕ ಎಷ್ಟೆಂದು ಯಾರು ಗೊತ್ತುಮಾಡಿದರು? ಬೆಲೆಯನ್ನು ಯಾವ ನಾಣ್ಯದಲ್ಲಿ ಎಣಿಸುತ್ತಾರೆ? ಕರಾರನ್ನು ಮುರಿದವನನ್ನು ದಂಡಿಸುವ ಶಕ್ತಿ ಯಾರಿಗಿದೆ? ಇವು ಅಧಿಕಾರಕ್ಕೆ ಸಂಬಂಧಪಟ್ಟ ಪ್ರಶ್ನೆಗಳು. ರಾಜ್ಯಶಾಸ್ತ್ರದ ಕ್ಷೇತ್ರಕ್ಕೆ ಸೇರಿದವು. ಪೇಟೆ ಮತ್ತು ಪ್ರಭುತ್ವ ಎಂಬ ಈ ಎರಡೂ ಒಂದನ್ನೊಂದು ಹೇಗೆ ತಿದ್ದುತ್ತವೆ, ಅದರಿಂದ ಯಾವ ದೇಶಕ್ಕೆ, ಯಾವ ವರ್ಗಕ್ಕೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಒಟ್ಟಾಗಿ ವಿಚಾರಿಸುವುದೇ ಈ ಶಾಸ್ತ್ರದ ಕೆಲಸ.

ಇಂಥ ವಿಚಾರ ನಮ್ಮ ನೆಲಕ್ಕೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಣ್ಯಾಧ್ಯಕ್ಷ, ಶುಲ್ಕಾಧ್ಯಕ್ಷ ಎಂಬ ಅಧಿಕಾರಿಗಳ ಕರ್ತವ್ಯಗಳ ವಿವರಣೆಯಿದೆ. ಪರದೇಶದ ಸರಕನ್ನು ತರುವವರಿಗೆ ರಿಯಾಯಿತಿ ತೋರಿಸಬೇಕೆಂಬ ವಿಧಿಯೂ ಇದೆ. ಭಾರತದ ಸಂಪತ್ತು ಇಂಗ್ಲೆಂಡಿಗೆ ಹರಿದುಹೋಗುತ್ತಿದ್ದುದನ್ನು ಲೆಕ್ಕವಿಟ್ಟು ತೋರಿಸಿದ ದಾದಾಭಾಯಿ ನವರೋಜಿಯವರ ಗ್ರಂಥ ೧೯೦೧ರಲ್ಲಿ ಪ್ರಕಟವಾಯಿತು. ಆದರೆ ಇದು ಪ್ರತ್ಯೇಕ ಅಧ್ಯಯನಶಾಖೆಯಾಗಿ ರೂಪುಗೊಂಡುದು ೧೯೭೦ರ ಸುಮಾರಿಗೆ. ಅರ್ಥಶಾಸ್ತ್ರಜ್ಞರೂ ಅಂತರರಾಷ್ಟ್ರೀಯ ರಾಜಕೀಯದ ವಿದ್ವಾಂಸರೂ ಒಬ್ಬರನ್ನೊಬ್ಬರು ಅಲಕ್ಷಿಸುತ್ತಿದ್ದಾರೆಂದು ಆ ವರ್ಷ ಇಂಗ್ಲೆಂಡಿನ ಸೂಸನ್ ಸ್ಟ್ರೇಂಜ್ ಒಂದು ಲೇಖನದಲ್ಲಿ ಆಕ್ಷೇಪಿಸಿದರು. ಮುಂದೆ ೧೯೮೮ರಲ್ಲಿ ಅವರು ಲೋಕದ ಅಧಿಕಾರವನ್ನು ನಾಲ್ಕು ಕಂಬಗಳಾಗಿ ವಿಂಗಡಿಸಿದರು: ರಕ್ಷಣೆ, ಉತ್ಪಾದನೆ, ಹಣಕಾಸು ಮತ್ತು ಜ್ಞಾನ. ಈ ನಾಲ್ಕನ್ನೂ ನೆನಪಿನಲ್ಲಿಟ್ಟುಕೊಂಡು ನಮ್ಮ ಕರಾವಳಿಯ ಇತಿಹಾಸವನ್ನು ನೋಡೋಣ.

ಮೊದಲನೆಯ ಪಾಠ: ಮೆಣಸು ಮತ್ತು ಕುದುರೆ

ವಾಸ್ಕೊ ಡ ಗಾಮನು ೧೪೯೮ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೆ ಎಷ್ಟೋ ಮೊದಲೇ ಭಟ್ಕಳ ದೊಡ್ಡ ಬಂದರಾಗಿತ್ತು. ಘಟ್ಟದ ಮೇಲಿನ ವಿಜಯನಗರಕ್ಕೆ ಯುದ್ಧದ ಕುದುರೆಗಳು ಬೇಕಾಗಿದ್ದವು. ಒಳ್ಳೆಯ ಕುದುರೆಗಳು ಅರೇಬಿಯ, ಪರ್ಷಿಯಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಹಿಂದಿರುಗುವ ಹಡಗುಗಳಲ್ಲಿ ಅಕ್ಕಿ, ಸಕ್ಕರೆ, ಕಬ್ಬಿಣ, ಸಂಬಾರ ಪದಾರ್ಥಗಳು ಹೋಗುತ್ತಿದ್ದವು. ಈ ವ್ಯಾಪಾರವನ್ನು ಯಾವ ಒಂದು ರಾಜ್ಯವೂ ಸಮುದ್ರದ ಮೇಲೆ ಆಳುತ್ತಿರಲಿಲ್ಲ. ಸುಂಕವನ್ನು ತೆತ್ತವನಿಗೆ ಬಂದರು ತೆರೆದಿರುತ್ತಿತ್ತು.

ಪೋರ್ಚುಗೀಸರು ತಂದ ಬದಲಾವಣೆ ಇಲ್ಲಿಯೇ ಇದೆ. ಅವರ ಬಳಿ ಮಾರಲು ಹೇಳಿಕೊಳ್ಳುವಂಥ ಸರಕು ಇರಲಿಲ್ಲ; ತೋಪುಗಳನ್ನು ಹೊತ್ತ ಹಡಗುಗಳಿದ್ದವು. ೧೫೦೨ರಲ್ಲಿ ಎರಡನೆಯ ಬಾರಿ ಬಂದ ಗಾಮನು ಭಟ್ಕಳದ ಮೇಲೆ ಬಿದ್ದು, ವರ್ಷಂಪ್ರತಿ ಅಕ್ಕಿಯ ಕಪ್ಪವನ್ನು ಕೊಡುವಂತೆ ಅಲ್ಲಿಯ ಅರಸನನ್ನು ಒಪ್ಪಿಸಿದನು. ಮುಂದೆ ಸಮುದ್ರದ ಮೇಲೆ ಸಂಚರಿಸುವ ಪ್ರತಿಯೊಂದು ಹಡಗೂ ಅವರಿಂದ ಕರ್ತಾಜ್ ಎಂಬ ರಹದಾರಿ ಪತ್ರವನ್ನು ಹಣ ಕೊಟ್ಟು ಪಡೆಯಬೇಕೆಂಬ ನಿಯಮ ಬಂದಿತು. ಪತ್ರವಿಲ್ಲದ ಹಡಗನ್ನು ಸರಕಿನ ಸಮೇತ ವಶಪಡಿಸಿಕೊಳ್ಳುತ್ತಿದ್ದರು. ೧೫೧೦ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದನು. ಅವನನ್ನು ಆ ಕಾರ್ಯಕ್ಕೆ ಪ್ರೇರೇಪಿಸಿ ನೆರವಾದವನು ಹೊನ್ನಾವರದ ನೌಕಾನಾಯಕ ತಿಮ್ಮೋಜ ಎಂಬುದು ಗಮನಿಸತಕ್ಕ ಸಂಗತಿ. ಹೊರಗಿನ ಶಕ್ತಿಯನ್ನು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳಲು ಸ್ಥಳೀಯರೂ ಹವಣಿಸುತ್ತಿದ್ದರು. ಕೆಲವೇ ವರ್ಷಗಳ ಬಳಿಕ ಬರೆದ ದುಆರ್ತೆ ಬಾರ್ಬೋಸನು, ಹಿಂದೆ ಭಟ್ಕಳಕ್ಕೆ ಬರುತ್ತಿದ್ದ ಕುದುರೆ ಮತ್ತು ಮುತ್ತುಗಳು ಈಗ ಗೋವೆಗೆ ಹೋಗುತ್ತಿವೆಯೆಂದು ತಿಳಿಸುತ್ತಾನೆ. ಭಟ್ಕಳದ ವರ್ತಕರ ಜಾಣತನ ಕಡಮೆಯಾಗಿರಲಿಲ್ಲ. ಸಮುದ್ರದ ದಾರಿಯೇ ತಿರುಗಿತ್ತು. ಸ್ಟ್ರೇಂಜರ ಮಾತಿನಲ್ಲಿ ಹೇಳುವುದಾದರೆ, ರಕ್ಷಣೆಯ ಕಂಬವನ್ನು ಹಿಡಿದವರು ಪೇಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

೧೫೪೭ರ ಒಪ್ಪಂದ ಇನ್ನೂ ಸ್ಪಷ್ಟವಾದ ನಿದರ್ಶನ. ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಸಲ್ಲಬೇಕು, ವಿಜಾಪುರಕ್ಕೆ ಹೋಗಕೂಡದು. ಪ್ರತಿಯಾಗಿ ವಿಜಯನಗರದ ಕಬ್ಬಿಣ ಮತ್ತು ಪೆಟ್ಲುಪ್ಪು ಪೋರ್ಚುಗೀಸರಿಗೆ ದೊರೆಯಬೇಕು ಎಂದು ಅದರಲ್ಲಿ ಬರೆದಿದೆ. ಪೆಟ್ಲುಪ್ಪಿಲ್ಲದೆ ಮದ್ದು ತಯಾರಾಗದು; ಕುದುರೆಯಿಲ್ಲದೆ ಅಂದಿನ ಸೈನ್ಯ ನಡೆಯದು. ವ್ಯಾಪಾರವು ಇಲ್ಲಿ ಯುದ್ಧದ ಒಂದು ಉಪಾಯವಾಗಿದೆ. ೧೯೪೫ರಲ್ಲಿ ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ವ್ಯಾಪಾರವನ್ನು ಪರಿಶೀಲಿಸಿ, ಒಂದು ದೇಶವು ಬೇರೆಲ್ಲಿಯೂ ಸುಲಭವಾಗಿ ಸಿಗದ ವಸ್ತುವಿಗಾಗಿ ಇನ್ನೊಂದನ್ನು ನೆಚ್ಚಿಕೊಂಡಾಗ, ವ್ಯಾಪಾರವನ್ನು ನಿಲ್ಲಿಸುವೆನೆಂಬ ಬೆದರಿಕೆಯೇ ಒಂದು ಆಯುಧವಾಗುತ್ತದೆಂದು ತೋರಿಸಿದರು. ವಿಜಯನಗರದ ಕುದುರೆಯ ಕತೆ ಈ ಸಿದ್ಧಾಂತಕ್ಕೆ ನಾಲ್ಕು ಶತಮಾನಗಳಷ್ಟು ಹಿಂದಿನ ಸಾಕ್ಷಿ.

ಆದರೆ ಅವಲಂಬನ ಒಂದೇ ಕಡೆಗೆ ಇರುವುದಿಲ್ಲ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ತೋಪುಗಳಿಂದ ಹಡಗನ್ನು ತಡೆಯಬಹುದು, ಆದರೆ ಘಟ್ಟದ ಬಳ್ಳಿಯಿಂದ ಮೆಣಸನ್ನು ಇಳಿಸಿ ತರಲು ತೋಪಿಗೆ ಶಕ್ತಿಯಿಲ್ಲ. ಬೆಳೆ ಅವಳ ನೆಲದ್ದು, ಹೊಳೆಯ ದಾರಿ ಅವಳ ಕೈಯಲ್ಲಿತ್ತು. ೧೫೬೯ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನು ಹಿಡಿದು ಕೋಟೆಯನ್ನು ಭದ್ರಪಡಿಸಿದರೂ ಮೆಣಸಿಗಾಗಿ ಒಳನಾಡಿನ ಅರಸರೊಡನೆ ಚೌಕಾಸಿ ಮಾಡುವುದು ಅವರಿಗೆ ತಪ್ಪಲಿಲ್ಲ. ಇನ್ನೊಂದು ಕಡೆ ಅವರ ಕಣ್ಣು ತಪ್ಪಿಸಿದ ಮೆಣಸು ಕೆಂಪು ಸಮುದ್ರದ ಮಾರ್ಗವಾಗಿ ವೆನಿಸನ್ನು ತಲಪುತ್ತಲೇ ಇತ್ತು. ಗೇರುಸೊಪ್ಪೆಯ ರಾಜ್ಯ ಕೆಳದಿಯ ವೆಂಕಟಪ್ಪನಾಯಕನ ಪಾಲಾದ ಮೇಲೆ, ೧೬೨೩ರಲ್ಲಿ ಗೋವೆಯಿಂದ ಒಂದು ರಾಯಭಾರ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ ಹೋಯಿತು. ಅದರೊಡನೆ ಪಯಣಿಸಿದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯ ವರ್ಣನೆಯಿಂದ ಆ ಹೊತ್ತಿಗಾಗಲೇ ಗೇರುಸೊಪ್ಪೆ ಹಾಳುಬಿದ್ದು ಕಾಡು ಬೆಳೆದಿತ್ತೆಂದು ತಿಳಿಯುತ್ತದೆ. ಗೋವೆಯ ಜನ ಉಣ್ಣುತ್ತಿದ್ದ ಅಕ್ಕಿಯೂ ಬಹುಮಟ್ಟಿಗೆ ಈ ಕೆನರಾ ತೀರದಿಂದಲೇ ಹೋಗಬೇಕಾಗಿತ್ತು. ಅಕ್ಕಿಯನ್ನು ಬೆಳೆಯುವ ರಾಜ್ಯಕ್ಕೂ ಒಂದು ಬಲವಿದೆ ಎಂಬುದನ್ನು ಕೆಳದಿಯ ಅರಸರು ಬಲ್ಲವರಾಗಿದ್ದರು.

ಎರಡನೆಯ ಪಾಠ: ಕುಮಟೆಯ ಹತ್ತಿ

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಕಾಷೈರಿನ ಗಿರಣಿಗಳಲ್ಲಿ ಕುಮಟಾ ಹತ್ತಿ ಎಂಬ ಹೆಸರು ಪರಿಚಿತವಾಗಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ಧಾರವಾಡ ಸೀಮೆಯ ಕರಿಯ ಮಣ್ಣಿನ ಬೆಳೆ. ಎತ್ತುಗಳ ಬೆನ್ನಿನ ಮೇಲೆ, ಮುಂದೆ ಗಾಡಿಗಳಲ್ಲಿ, ಘಟ್ಟವನ್ನಿಳಿದು ಬಂದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತಾದ್ದರಿಂದ ಬಂದರಿನ ಹೆಸರೇ ಬೆಳೆಗೆ ಅಂಟಿಕೊಂಡಿತು.

೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಮೊದಲಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲಿಂದ ಬರುತ್ತಿತ್ತು. ಉತ್ತರದ ಸರಕಾರವು ದಕ್ಷಿಣದ ಬಂದರುಗಳಿಗೆ ನೌಕಾದಿಗ್ಬಂಧನ ಹಾಕಿದೊಡನೆ ಲಂಕಾಷೈರಿನ ಮಗ್ಗಗಳು ನಿಂತುವು. ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಎಲ್ಲರ ದೃಷ್ಟಿ ಭಾರತದ ಕಡೆಗೆ ತಿರುಗಿತು. ಧಾರವಾಡದ ರೈತ ಆವರೆಗೆ ಕಂಡರಿಯದ ಬೆಲೆಯನ್ನು ಕಂಡನು. ಮ್ಯಾಂಚೆಸ್ಟರಿನ ವರ್ತಕರು ಹತ್ತಿ ಸಾಗಿಸಲು ಒಳ್ಳೆಯ ಬಂದರನ್ನೂ ಘಟ್ಟದ ರಸ್ತೆಯನ್ನೂ ಮಾಡಿಕೊಡಬೇಕೆಂದು ಲಂಡನ್ನಿನ ಸರಕಾರವನ್ನು ಒತ್ತಾಯಿಸಿದರು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಆಧಿಪತ್ಯದಲ್ಲಿತ್ತು. ಹತ್ತಿ ಇಳಿಯುವ ಕರಾವಳಿ ಮದರಾಸು ಆಧಿಪತ್ಯದಲ್ಲಿತ್ತು. ಈ ತೊಡಕಿನ ನಿವಾರಣೆಗಾಗಿ ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕಾರವಾರದ ಬಂದರಿನ ಅಭಿವೃದ್ಧಿಯ ಕೆಲಸ ಪ್ರಾರಂಭವಾಯಿತು.

ಈ ಗೆರೆಯ ಪರಿಣಾಮವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನಗಾಣಬೇಕು. ಕುಂದಾಪುರ ಮದರಾಸಿನಲ್ಲಿ ಉಳಿಯಿತು, ಭಟ್ಕಳ ಮುಂಬಯಿಗೆ ಹೋಯಿತು. ನೆರೆಹೊರೆಯ ಎರಡು ಊರುಗಳ ನಡುವೆ ಎರಡು ಆಧಿಪತ್ಯಗಳ ಗಡಿ ಬಿತ್ತು. ಶಾಲೆಯ ಪಠ್ಯ, ನ್ಯಾಯಾಲಯ, ಕಂದಾಯದ ಕ್ರಮ ಎಲ್ಲವೂ ಬೇರೆಯಾದುವು. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾಗುವವರೆಗೂ ಈ ಗೆರೆ ಅಳಿಯಲಿಲ್ಲ. ಅಮೆರಿಕದ ಒಂದು ಯುದ್ಧ, ಇಂಗ್ಲೆಂಡಿನ ಗಿರಣಿಗಳ ಹಸಿವು, ಕನ್ನಡ ಕರಾವಳಿಯ ಆಡಳಿತದ ಗಡಿ, ಇವು ಮೂರೂ ಒಂದೇ ಸರಪಳಿಯ ಕೊಂಡಿಗಳು. ಇದು ಈ ಶಾಸ್ತ್ರ ಬಿಡಿಸಿ ತೋರಿಸುವ ಬಗೆಯ ಸಂಬಂಧ.

ಯುದ್ಧ ೧೮೬೫ರಲ್ಲಿ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯ ಎಷ್ಟೋ ವ್ಯಾಪಾರ ಸಂಸ್ಥೆಗಳು ದಿವಾಳಿಯೆದ್ದುವು. ಏರಿದ ಬೆಲೆಯ ಭರವಸೆಯಲ್ಲಿ ಸಾಲಮಾಡಿದ ರೈತನ ಸಾಲ ಮಾತ್ರ ಬೆಲೆಯೊಡನೆ ಇಳಿಯಲಿಲ್ಲ. ಬಳಿಕ ಮತ್ತೊಂದು ನಿರ್ಣಯ ಬಂದಿತು. ೧೮೭೮ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದದಂತೆ ಗೋವೆಯ ಮರ್ಮಗೋವೆ ಬಂದರಿಗೆ ಒಳನಾಡಿನಿಂದ ರೈಲುದಾರಿ ಹಾಕುವುದೆಂದೂ, ಗೋವೆಯ ಉಪ್ಪಿನ ತಯಾರಿಕೆ ಬ್ರಿಟಿಷರ ಹತೋಟಿಗೆ ಒಳಪಡುವುದೆಂದೂ ಗೊತ್ತಾಯಿತು. ಮುಂದಿನ ದಶಕದಲ್ಲಿ ರೈಲು ಓಡಲಾರಂಭಿಸಿದೊಡನೆ ಹುಬ್ಬಳ್ಳಿ, ಧಾರವಾಡಗಳ ಹತ್ತಿ ಘಟ್ಟದ ರಸ್ತೆಯನ್ನು ಬಿಟ್ಟು ರೈಲನ್ನು ಹಿಡಿಯಿತು. ಕುಮಟೆಯ ಬಂದರು ಬಡವಾಯಿತು. ಈ ಸಲ ತೋಪು ಹಾರಲಿಲ್ಲ, ಯಾರೂ ಕುಮಟೆಗೆ ಹಾನಿಮಾಡಬೇಕೆಂದು ಬಯಸಲಿಲ್ಲ. ದಾರಿ ಎಲ್ಲಿ ಹೋಗಬೇಕೆಂದು ನಿರ್ಧರಿಸುವ ಸ್ಥಳದಲ್ಲಿ ಕುಮಟೆಯವರು ಯಾರೂ ಇರಲಿಲ್ಲ, ಅಷ್ಟೆ. ಎದುರಿಗೆ ನಿಂತು ಬೆದರಿಸದೆ, ಆಟದ ನಿಯಮವನ್ನೇ ರೂಪಿಸುವ ಇಂಥ ಬಲಕ್ಕೆ ಸ್ಟ್ರೇಂಜ್ ರಚನಾತ್ಮಕ ಅಧಿಕಾರವೆಂದು ಹೆಸರಿಟ್ಟರು.

ಮೂರನೆಯ ಪಾಠ: ಕೊಲ್ಲಿಯಿಂದ ಬರುವ ಹಣ

ಭಟ್ಕಳದ ನವಾಯತರು ಅರಬ್ ದೇಶಗಳೊಡನೆ ಶತಮಾನಗಳಿಂದ ನಂಟುಳ್ಳ ವರ್ತಕ ಸಮಾಜದವರು. ೧೯೭೩ರಲ್ಲಿ ತೈಲದ ಬೆಲೆ ಒಮ್ಮೆಗೇ ಏರಿ ಕೊಲ್ಲಿಯ ದೇಶಗಳಲ್ಲಿ ನಿರ್ಮಾಣಕಾರ್ಯಗಳು ಬೆಳೆದಾಗ, ಕರಾವಳಿಯ ಎಲ್ಲ ಸಮಾಜಗಳ ಯುವಕರೂ ಅಲ್ಲಿಗೆ ಹೋದರು. ಒಂದು ಕಾಲಕ್ಕೆ ಸರಕು ಹೋಗುತ್ತಿದ್ದ ದಾರಿಯಲ್ಲಿ ಈಗ ದುಡಿಮೆ ಹೋಗುತ್ತದೆ, ಹಣ ಹಿಂದಿರುಗುತ್ತದೆ. ವಿದೇಶಗಳಲ್ಲಿರುವವರು ಭಾರತಕ್ಕೆ ಕಳುಹಿಸಿದ ಹಣ ೨೦೨೪ರಲ್ಲಿ ಸುಮಾರು ೧೨೯ ಶತಕೋಟಿ ಡಾಲರುಗಳಷ್ಟಿತ್ತೆಂದು ವಿಶ್ವ ಬ್ಯಾಂಕಿನ ಅಂದಾಜು. ಜಗತ್ತಿನಲ್ಲಿ ಬೇರೆ ಯಾವ ದೇಶಕ್ಕೂ ಅಷ್ಟು ಬರುವುದಿಲ್ಲ.

ಈ ಹಣದಲ್ಲಿಯೂ ರಾಜಕೀಯವಿದೆ. ಸಂಯುಕ್ತ ಅರಬ್ ಸಂಸ್ಥಾನಗಳ ದಿರ್ಹಮ್ ಹಾಗೂ ಸೌದಿ ಅರೇಬಿಯದ ರಿಯಾಲ್ ನಾಣ್ಯಗಳ ಬೆಲೆಯನ್ನು ಅಮೆರಿಕದ ಡಾಲರಿಗೆ ಕಟ್ಟಿಹಾಕಿದ್ದಾರೆ. ಆದುದರಿಂದ ವಾಷಿಂಗ್‌ಟನ್ನಿನ ಕೇಂದ್ರ ಬ್ಯಾಂಕು ಬಡ್ಡಿಯ ದರವನ್ನು ಏರಿಸಿ ಡಾಲರು ಬಲವಾದರೆ, ಭಟ್ಕಳದ ಮನೆಯಲ್ಲಿ ಅದೇ ದಿರ್ಹಮಿಗೆ ಹೆಚ್ಚು ರೂಪಾಯಿ ಸಿಗುತ್ತದೆ. ಅದೇ ಹೊತ್ತಿಗೆ ದೇಶವು ಕೊಳ್ಳುವ ತೈಲವೂ ರೂಪಾಯಿಯ ಲೆಕ್ಕದಲ್ಲಿ ತುಟ್ಟಿಯಾಗುತ್ತದೆ. ೧೯೯೦ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅವರು ಕಳುಹಿಸುತ್ತಿದ್ದ ಹಣ ನಿಂತಿತು, ತೈಲದ ಬೆಲೆ ಏರಿತು. ಮೊದಲೇ ದುರ್ಬಲವಾಗಿದ್ದ ವಿದೇಶಿ ವಿನಿಮಯದ ಸ್ಥಿತಿ ಬಿಗಡಾಯಿಸಿ, ೧೯೯೧ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು ೪೭ ಟನ್ ಚಿನ್ನವನ್ನು ಇಂಗ್ಲೆಂಡಿನಲ್ಲಿ ಒತ್ತೆಯಿಡಬೇಕಾಯಿತು. ಆ ವರ್ಷದ ಆರ್ಥಿಕ ಸುಧಾರಣೆಗಳ ಹಿನ್ನೆಲೆಯಲ್ಲಿ ಇದೂ ಒಂದು ಕಾರಣ. ಮನೆಯ ಲೆಕ್ಕದ ಪುಸ್ತಕಕ್ಕೂ ರಾಷ್ಟ್ರದ ಲೆಕ್ಕದ ಪುಸ್ತಕಕ್ಕೂ ಇರುವ ಸಂಬಂಧ ಹೀಗಿದೆ.

ನಾಲ್ಕನೆಯ ಪಾಠ: ಇನ್ನೂ ಮುಗಿಯದ ಪ್ರಶ್ನೆ

ಮುರ್ಡೇಶ್ವರದ ತೀರದಿಂದ ನಾಡದೋಣಿಯಲ್ಲಿ ಹೊರಡುವ ಮೀನುಗಾರನ ಬಲೆಗೂ ಜಿನೀವಾಕ್ಕೂ ಏನು ಸಂಬಂಧ? ೧೯೭೬ರ ಕಾನೂನಿನ ಮೇರೆಗೆ ತೀರದಿಂದ ೨೦೦ ನಾವಿಕ ಮೈಲಿಗಳವರೆಗಿನ ಸಮುದ್ರಸಂಪತ್ತಿನ ಮೇಲೆ ಭಾರತಕ್ಕೆ ಹಕ್ಕಿದೆ. ೧೯೮೨ರ ಅಂತರರಾಷ್ಟ್ರೀಯ ಸಮುದ್ರ ಕಾನೂನು ಈ ಮಿತಿಯನ್ನು ಎಲ್ಲ ದೇಶಗಳಿಗೂ ಅನ್ವಯಿಸಿತು. ಆದರೆ ಮೀನು ಗಡಿಯನ್ನರಿಯದು. ಸರಕಾರಗಳು ಕೊಡುವ ಸಹಾಯಧನದಿಂದ ದೋಣಿಗಳು ಹೆಚ್ಚಿ ಲೋಕದ ಮೀನು ಬರಿದಾಗುತ್ತಿದೆಯೆಂಬ ಕಾರಣದಿಂದ ಜಾಗತಿಕ ವ್ಯಾಪಾರ ಸಂಸ್ಥೆ ೨೦೨೨ರ ಜೂನಿನಲ್ಲಿ ಒಂದು ಒಪ್ಪಂದವನ್ನು ಅಂಗೀಕರಿಸಿತು. ಅಕ್ರಮ ಮೀನುಗಾರಿಕೆಗೂ, ಮಿತಿಮೀರಿ ಹಿಡಿದು ನಶಿಸಿರುವ ಮೀನುಗಳ ಬೇಟೆಗೂ ಸಹಾಯಧನ ಸಲ್ಲದೆಂದು ಅದು ವಿಧಿಸುತ್ತದೆ. ದೋಣಿಗಳ ಸಂಖ್ಯೆಯನ್ನು ಹೆಚ್ಚಿಸುವ ಸಹಾಯಧನಗಳ ವಿಷಯದಲ್ಲಿ ೨೦೨೪ರ ಅಬುಧಾಬಿ ಸಮ್ಮೇಳನದಲ್ಲಿಯೂ ಒಮ್ಮತ ಮೂಡಲಿಲ್ಲ. ದೂರಸಾಗರಗಳಲ್ಲಿ ದೊಡ್ಡ ಹಡಗುಗಳಿಂದ ಮೀನು ಬಾಚಿದ ಶ್ರೀಮಂತ ರಾಷ್ಟ್ರಗಳನ್ನೂ ತೀರದ ಬಡ ಮೀನುಗಾರರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಬೆಳೆಯುತ್ತಿರುವ ದೇಶಗಳಿಗೆ ೨೫ ವರ್ಷಗಳ ಅವಧಿ ಬೇಕು ಎಂಬುದು ಭಾರತದ ವಾದ. ಕರ್ನಾಟಕ ಸರಕಾರವು ಮೀನುಗಾರರಿಗೆ ಡೀಸೆಲ್ ಮತ್ತು ಸೀಮೆಎಣ್ಣೆಯಲ್ಲಿ ತೋರಿಸುವ ರಿಯಾಯಿತಿಯೂ ಈ ಚರ್ಚೆಯ ವ್ಯಾಪ್ತಿಗೆ ಬರುವಂಥದು.

ಹೊನ್ನಾವರದ ಕಾಸರಕೋಡು ತೀರದಲ್ಲಿ ಯೋಜಿತವಾದ ಖಾಸಗಿ ಬಂದರನ್ನು ಅಲ್ಲಿಯ ಮೀನುಗಾರರು ವಿರೋಧಿಸುತ್ತ ಬಂದಿರುವುದೂ ಇದೇ ಜಾತಿಯ ಪ್ರಶ್ನೆ. ಬಂದರಿನಿಂದ ವ್ಯಾಪಾರ ಹಾಗೂ ಉದ್ಯೋಗ ಬೆಳೆಯುವುವೆಂದು ಒಂದು ಪಕ್ಷ. ಮೀನು ಒಣಗಿಸುವ ಮರಳು, ದೋಣಿ ಎಳೆಯುವ ದಡ, ಕಡಲಾಮೆ ಮೊಟ್ಟೆಯಿಡುವ ನೆಲ ಹೋಗುವುವೆಂದು ಇನ್ನೊಂದು ಪಕ್ಷ. ಯಾವುದೋ ಒಂದು ಪಕ್ಷವನ್ನು ಕಣ್ಣುಮುಚ್ಚಿ ಹಿಡಿಯುವುದನ್ನು ಈ ಶಾಸ್ತ್ರ ಕಲಿಸುವುದಿಲ್ಲ. ಲಾಭ ಯಾರಿಗೆ, ಎಷ್ಟು ಕಾಲ? ನಷ್ಟ ಯಾರಿಗೆ, ಅದಕ್ಕೆ ಪರಿಹಾರವುಂಟೆ? ನಿರ್ಣಯದ ಸಭೆಯಲ್ಲಿ ಯಾರ ಮಾತು ಕೇಳಿಸಿತು, ಯಾರ ಮಾತು ಕೇಳಿಸಲಿಲ್ಲ? ಈ ಪ್ರಶ್ನೆಗಳಿಗೆ ಅಂಕಿ ಅಂಶಗಳ ಸಹಿತವಾಗಿ ಉತ್ತರವನ್ನು ಹುಡುಕುವುದನ್ನು ಕಲಿಸುತ್ತದೆ. ಕುಮಟೆಯ ಹತ್ತಿಯ ಕಾಲದಲ್ಲಿ ಈ ಪ್ರಶ್ನೆಗಳನ್ನು ಕೇಳುವ ಅವಕಾಶ ನಮ್ಮವರಿಗೆ ಇರಲಿಲ್ಲ. ಇಂದು ಇದೆ, ಆದರೆ ಕೇಳಬಲ್ಲವರು ತಯಾರಾಗಬೇಕು.

ಅಭ್ಯಾಸದ ಕ್ರಮ

ಈ ವಿಷಯವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಬಯಸುವವರು ಪದವಿಯಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ ಇವುಗಳಲ್ಲಿ ಯಾವುದಾದರೊಂದನ್ನು ಗಟ್ಟಿಯಾಗಿ ಕಲಿತಿರುವುದು ಒಳ್ಳೆಯದು. ಅರ್ಥಶಾಸ್ತ್ರವನ್ನು ಆರಿಸಿದವರು ಇತಿಹಾಸವನ್ನು ತಾವಾಗಿ ಓದಬೇಕು. ಇತಿಹಾಸವನ್ನು ಆರಿಸಿದವರು ಸಂಖ್ಯಾಶಾಸ್ತ್ರಕ್ಕೆ ಅಂಜಬಾರದು. ಸ್ನಾತಕೋತ್ತರ ತರಗತಿಗಳಲ್ಲಿ ಸಾಮಾನ್ಯವಾಗಿ ಅಂತರರಾಷ್ಟ್ರೀಯ ವ್ಯಾಪಾರದ ಸಿದ್ಧಾಂತ, ಹಣ ಮತ್ತು ವಿನಿಮಯ, ಜಾಗತಿಕ ಸಂಸ್ಥೆಗಳ ಕಾನೂನು, ಅಭಿವೃದ್ಧಿಯ ಸಮಸ್ಯೆಗಳು, ಸಂಶೋಧನೆಯ ವಿಧಾನ ಇವು ಪಾಠಗಳಾಗಿರುತ್ತವೆ. ದಿಲ್ಲಿಯಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಅಧ್ಯಯನಶಾಲೆ ೧೯೭೦ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂಗವಾಯಿತು. ಬೆಂಗಳೂರಿನಲ್ಲಿ ೧೯೭೨ರಲ್ಲಿ ವಿ. ಕೆ. ಆರ್. ವಿ. ರಾವ್ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಲ್ಲಿ ಸಂಶೋಧನೆಗೆ ಅವಕಾಶವಿದೆ. ೧೯೪೯ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಉತ್ತರ ಕನ್ನಡದವರಿಗೆ ಸಮೀಪದ್ದು.

ಈ ತೀರದ ವಿದ್ಯಾರ್ಥಿಗೆ ಒಂದು ಸ್ವಾಭಾವಿಕ ಅನುಕೂಲವುಂಟು. ಕನ್ನಡ, ಕೊಂಕಣಿ, ನವಾಯತಿ ಭಾಷೆಗಳ ಪರಿಸರದಲ್ಲಿ ಬೆಳೆದವರು ಪೋರ್ಚುಗೀಸ್ ಭಾಷೆಯನ್ನೂ ಕಲಿತರೆ, ಪಣಜಿಯ ಪತ್ರಾಗಾರದಲ್ಲಿರುವ ಹಳೆಯ ದಾಖಲೆಗಳನ್ನು ಓದಿ, ಕೆಳದಿಯ ಅರಸರು ಗೋವೆಯೊಡನೆ ಹೇಗೆ ವ್ಯವಹರಿಸಿದರೆಂಬುದನ್ನು ನಮ್ಮ ದೃಷ್ಟಿಯಿಂದ ಬರೆಯಬಲ್ಲರು. ಇಲ್ಲಿಯವರೆಗೆ ನಾವು ಈ ಕತೆಯನ್ನು ಹೆಚ್ಚಾಗಿ ಕೊಳ್ಳಲು ಬಂದವರ ಬರಹಗಳಿಂದ ತಿಳಿದಿದ್ದೇವೆ. ಮಾರಿದವರ ಕಡೆಯ ಕತೆ ಬಹುಪಾಲು ಉಳಿದಿದೆ. ಸ್ಟ್ರೇಂಜರ ನಾಲ್ಕನೆಯ ಕಂಬ ಜ್ಞಾನವೆಂಬುದನ್ನು ಇಲ್ಲಿ ನೆನೆಯಬಹುದು.

ಪ್ರೌಢಶಾಲೆಯ ವಿದ್ಯಾರ್ಥಿಗಳು ಇಂದೇ ಆರಂಭಿಸಬಹುದಾದ ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಮನೆಯಲ್ಲಿರುವ ಯಾವುದಾದರೊಂದು ವಸ್ತುವನ್ನು, ಮೆಣಸನ್ನೋ ಅಡಕೆಯನ್ನೋ ಒಣಮೀನನ್ನೋ ತೆಗೆದುಕೊಳ್ಳಿರಿ. ಬೆಳೆದವನಿಗೆ ಸಿಕ್ಕಿದ ಬೆಲೆ, ದಲಾಲಿಯ ಪಾಲು, ಸಾಗಾಣಿಕೆಯ ಖರ್ಚು, ತೆರಿಗೆ, ಅಂಗಡಿಯ ಬೆಲೆ ಇವನ್ನು ವಿಚಾರಿಸಿ ಒಂದು ಕೋಷ್ಟಕದಲ್ಲಿ ಬರೆಯಿರಿ. ಪ್ರತಿಯೊಂದು ಅಂಕಿಯ ಎದುರಿಗೆ, ಇದನ್ನು ನಿರ್ಧರಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ತುಂಬಿಸಿರಿ. ಕೆಲವು ಉತ್ತರಗಳು ನಿಮ್ಮ ಊರಿನ ಪೇಟೆಯಲ್ಲಿ ಸಿಗುತ್ತವೆ, ಕೆಲವಕ್ಕೆ ಬೆಂಗಳೂರಿನವರೆಗೆ, ದಿಲ್ಲಿಯವರೆಗೆ, ಸಮುದ್ರದಾಚೆಯವರೆಗೆ ಹೋಗಬೇಕಾಗುತ್ತದೆ. ಆ ಕೋಷ್ಟಕದಲ್ಲಿ ಖಾಲಿ ಉಳಿದ ಮನೆಗಳೇ ನಿಮ್ಮ ಮುಂದಿನ ಓದಿನ ವಿಷಯಗಳು.